ಬಿಲ್ಲೆಯೊಳಗಿನ ನಸುಕು

ಘೇಂಡಾಮೃಗದ ಚಿತ್ರವಿದ್ದ ಹಳೆಯ ನಾಲ್ಕಾಣೆ ನೆನಪಿದೆಯೇ? ಹೆಚ್ಚುಕಡಿಮೆ ಅದೇ ಅಗಲ, ಅದೇ ತೂಕ. ದಪ್ಪ ಮಾತ್ರ ಅಂಥ ಎರಡು ನಾಣ್ಯ ಒಂದರ ಮೇಲೊಂದು ಇಟ್ಟದ್ದಕ್ಕಿಂತ ತುಸು ಹೆಚ್ಚು. ಒಂದು ಮಗ್ಗುಲು ಕನ್ನಡಿಯಂಥ ನುಣುಪು, ಅದರ ಮೇಲೊಂದು ಪ್ಲಸ್ ಗುರುತು. ಇನ್ನೊಂದು ಮಗ್ಗುಲಲ್ಲಿ ಉಗುರಾಡಿಸಿದರಷ್ಟೇ ತಿಳಿಯುವ ಸಣ್ಣ ತರಿ. ಹೊಸ ಸೆಲ್ಲನ್ನು ಪೊಟ್ಟಣದಿಂದ ಬಿಡಿಸಿದಾಗ ಬೆರಳಿಗೆ ಹತ್ತುವ ಆ ತಂಪು ಎಷ್ಟು ಸಲ ಅನುಭವಿಸಿದರೂ ನನಗೆ ಹಳತಾಗಿಲ್ಲ. ಸಿಆರ್ 2032 ಎಂಬ ಹೆಸರೂ ಚೆಂದ. ಸಿ ಎಂದರೆ ಲಿಥಿಯಂ ಮತ್ತು ಮ್ಯಾಂಗನೀಸ್ ಡಯಾಕ್ಸೈಡ್ ಕೂಡಿದ ಜಾತಿ, ಆರ್ ಎಂದರೆ ದುಂಡು, 20 ಮಿಲಿಮೀಟರ್ ಅಡ್ಡಳತೆ, 3.2 ಮಿಲಿಮೀಟರ್ ದಪ್ಪ. ಊರು, ಮನೆತನ, ಅಡ್ಡಹೆಸರು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುವ ನಮ್ಮ ಕಡೆಯ ಹಿರಿಯರ ಪರಿಚಯದಂತೆ.

ರಂಗದ ಬೆಳಕು ಆಳುವ ಕನ್ಸೋಲಿನ ಹೊಟ್ಟೆಯೊಳಗೆ, ಹಸಿರು ಬೋರ್ಡಿನ ಒಂದು ಮೂಲೆಯಲ್ಲಿ, ಈ ಬಿಲ್ಲೆ ಕೂತಿರುತ್ತದೆ. ನೋಡುವವರ ಕಣ್ಣಿಗೆ ಬೀಳುವುದು ಮೇಲಿನ ಫೇಡರುಗಳು, ಮಿಣುಕುವ ಗುಂಡಿಗಳು. ನನ್ನ ಮನಸ್ಸೆಲ್ಲ ಕೆಳಗಿನ ಆ ಮೂಲೆಯಲ್ಲಿ.

ನಮ್ಮದು ನಾಟಕದ ನೆಲ. ಗರುಡ ಸದಾಶಿವರಾಯರು ಕಂಪನಿ ಕಟ್ಟಿ ಮೆರೆಸಿದ ಗದಗ ಇಲ್ಲೇ ಮಗ್ಗುಲಿಗಿದೆ. ಬನದ ಹುಣ್ಣಿಮೆ ಬಂತೆಂದರೆ ಬನಶಂಕರಿ ಜಾತ್ರೆಯಲ್ಲಿ ಸಾಲುಸಾಲು ನಾಟಕದ ಟೆಂಟು; ರೋಣದ ಜನಕ್ಕೆ ಅದೇನು ದೂರವಲ್ಲ. ಊರ ಹಬ್ಬಕ್ಕೆ ಹಳ್ಳಿಯ ಹುಡುಗರು ಬಣ್ಣ ಹಚ್ಚದ ವರ್ಷವಿಲ್ಲ. ಗ್ಯಾಸ್‌ಬತ್ತಿಯ ಸುಂಯ್‌ಗುಡುವ ಬಿಳಿ ಬೆಳಕಿನಲ್ಲಿ ಆಟ ನೋಡಿ ಬೆಳೆದವನು ನಾನು. ಆ ಬೆಳಕಿಗೆ ಏರಿಳಿತ ಗೊತ್ತಿರಲಿಲ್ಲ. ಹೆಗ್ಗೋಡಿನ ನೀನಾಸಂ 1985ರಲ್ಲಿ ತಿರುಗಾಟ ಶುರುಮಾಡಿ ನಾಡಿನುದ್ದಕ್ಕೂ ನಾಟಕ ಹೊತ್ತು ನಡೆದ ಮೇಲೆ, ಬೆಳಕೂ ಒಂದು ಪಾತ್ರವೆಂಬ ರುಚಿ ಸಣ್ಣ ಊರುಗಳಿಗೂ ಹತ್ತಿತು. ನನಗೂ ಹತ್ತಿತು, ಬಿಡಲಿಲ್ಲ.

ಈಗ ನಾನು ಹೊತ್ತು ತಿರುಗುವ ಕನ್ಸೋಲು ಹಳೆಯದು, 24 ಫೇಡರಿನದು. ಅದರಲ್ಲೊಂದು ನಸುಕಿದೆ. ಸಣ್ಣಾಟವೊಂದರ ಕೊನೆಗೆ ನಾನೇ ಕೂಡಿಸಿದ್ದು, ಕ್ಯೂ 47. ಮೊದಲು ಹಿಂಭಾಗದಲ್ಲಿ ತಿಳಿನೀಲಿ, ಇದೆಯೋ ಇಲ್ಲವೋ ಎಂಬಷ್ಟು. ಆಮೇಲೆ ಎಡಗಡೆಯಿಂದ, ಮಣ್ಣಿನ ಗೋಡೆಯ ಅಂಚು ಹಿಡಿದು, ಕುಸುಬಿ ಹೂವಿನ ಕೆಂಪುಮಿಶ್ರಿತ ಹಳದಿ ಮೆಲ್ಲ ಮೆಲ್ಲ ಮೇಲೇರುತ್ತದೆ. ಒಟ್ಟು 40 ಸೆಕೆಂಡು. ಕನ್ಸೋಲು ದೀಪಗಳೊಡನೆ ಆಡುವ ಡಿಎಮ್‌ಎಕ್ಸ್ ಭಾಷೆಯಲ್ಲಿ ಪ್ರತಿ ದೀಪಕ್ಕೂ 0ಯಿಂದ 255ರವರೆಗಿನ ಒಂದು ಅಂಕಿ, ಅಷ್ಟೇ. ಆ ಅಂಕಿಗಳನ್ನು ಹದಕ್ಕೆ ತರಲು ನಾನು ಮೂರು ರಾತ್ರಿ ಕೂತಿದ್ದೆ.

ಪ್ಲಗ್ ಕಿತ್ತು ಪೆಟ್ಟಿಗೆಗೆ ಹಾಕಿದ ಮೇಲೂ ಆ ಅಂಕಿಗಳನ್ನು ಉಳಿಸುವುದು ಈ ಬಿಲ್ಲೆ. ರಾತ್ರಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ ಮಲಗುತ್ತಿದ್ದಳಲ್ಲ ಅವ್ವ, ಬೆಳಿಗ್ಗೆ ಊದಿದರೆ ಹತ್ತಿಕೊಳ್ಳಲೆಂದು, ಹಾಗೆ. ಮೆಮೊರಿ ಚಿಪ್ಪಿಗೆ ನೆನಪು ಹಿಡಿದಿರಲು ಎರಡು ವೋಲ್ಟು ಸಾಕು. ಅದು ಹೀರುವುದು ಕೆಲವೇ ಮೈಕ್ರೋ ಆಂಪಿಯರ್. ಮೂರು ಎಂದು ಹಿಡಿಯಿರಿ. ಸಾವಿರ ವಾಟಿನ ಒಂದು ಹ್ಯಾಲೊಜನ್ ದೀಪ ನಾಲ್ಕು ಆಂಪಿಯರಿನ ಮೇಲೆ ಎಳೆಯುತ್ತದೆ. ಹತ್ತು ಲಕ್ಷ ಪಟ್ಟಿಗೂ ಮೀರಿದ ಅಂತರ! ಅಷ್ಟು ಕಡಿಮೆ ಉಂಡು ಎಂಟು ವರ್ಷ ಎಚ್ಚರಿರುವ ಕಾವಲುಗಾರ. ನರಗುಂದದ ಎರೆಭೂಮಿಯ ಬೇಸಿಗೆಯಲ್ಲಿ, ಟೆಂಪೋದ ತಗಡಿನ ಕೆಳಗೆ ಕುದಿಯುವ ಪೆಟ್ಟಿಗೆಯೊಳಗೆ ಆಯುಷ್ಯ ಕೊಂಚ ಕಡಿಮೆಯೇ. ಕಾವು ಈ ಸೆಲ್ಲುಗಳಿಗೆ ಒಗ್ಗದು.

ಹೋದ ಬಾರಿ ಪರದೆಯ ಮೇಲೆ ಬ್ಯಾಟರಿ ಎಚ್ಚರಿಕೆ ಮೂಡಿದ್ದೇ ಗಜೇಂದ್ರಗಡಕ್ಕೆ ಹೊರಟೆ. ಅಲ್ಲಿ ಗುಡ್ಡದ ಬುಡದ ಓಣಿಯಲ್ಲಿ ನನಗೆ ಗೊತ್ತಿರುವ ರಿಪೇರಿಯ ಹುಡುಗನಿದ್ದಾನೆ. ಮುಂಗಟ್ಟಿನಲ್ಲಿ ಅವನ ಮೇಜು, ಒಳಗೆ ಮನೆಯವರ ಕುಣಿಮಗ್ಗ. ಲಾಳಿಯ ಟಕ್ ಟಕ್ ಸದ್ದಿನ ನಡುವೆಯೇ ಅವನ ಕೆಲಸ.

“ಫ್ಲಾಪಿ ಮ್ಯಾಲೆ ಎತ್ತಿಟ್ಕೊಂಡೀರಿಲ್ರೀ ಸರ?”

“ಇಟ್ಕೊಂಡೇನಪಾ. ಆದ್ರ ಅದರ ಮ್ಯಾಲೆ ನಂಬಿಕಿ ಕಡಿಮಿ.”

“ಹಂಗಂದ್ರ ನೆನಪ ಹಾರದಂಗನ ಬದಲ್ ಮಾಡೂಣು.”

ಹದಿನಾಲ್ಕು ಸ್ಕ್ರೂ. ಬಿಚ್ಚಿದ್ದನ್ನೆಲ್ಲ ಬಿಚ್ಚಿದ ಕ್ರಮದಲ್ಲೇ ತಟ್ಟೆಯಲ್ಲಿ ಸಾಲಾಗಿ ಜೋಡಿಸಿದ. ಮುಚ್ಚಳ ಎತ್ತಿದಾಗ ಬಂದದ್ದು ಎರೆಮಣ್ಣಿನ ಧೂಳು, ಹಳೆಯ ಸಾಂಬ್ರಾಣಿ ಹೊಗೆ, ಕಾದ ಮೇಣ ಎಲ್ಲ ಕೂಡಿದ ಒಂದು ಗಾಢ ವಾಸನೆ. ಊರೂರ ಆಟಗಳ ವಾಸನೆ. ಮೆತ್ತನೆಯ ಕುಂಚದಿಂದ ಧೂಳು ಸರಿಸಿದ. ಚೌಕಟ್ಟಿನ ಲೋಹ ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ ಇಳಿಸಿಕೊಂಡ. ಮೀಟರ್ ಹಚ್ಚಿದ: 2.4.

ಇಲ್ಲಿಂದ ಮುಂದಿನದೇ ರಸದ ಭಾಗ.

ಎರಡು ಪೆನ್ಸಿಲ್ ಸೆಲ್ಲುಗಳನ್ನು ಒಂದರ ಹಿಂದೊಂದು ಕೂಡಿಸಿದ ಪುಟ್ಟ ಡಬ್ಬಿ, ಅದರ ಕೆಂಪು ತಂತಿಯಲ್ಲಿ ಅಕ್ಕಿಕಾಳಿನಷ್ಟು ಒಂದು ಡಯೋಡ್. ಕರೆಂಟು ಒಳಗೆ ಹೋಗಬಹುದು, ತಿರುಗಿ ಬರಬಾರದು. ಆ ಎರಡು ತಂತಿಗಳನ್ನು ಹಳೆಯ ಬಿಲ್ಲೆಯ ಎರಡು ತುದಿಗಳಿಗೆ, ಬೋರ್ಡಿನ ಬೆಸುಗೆಯ ಮೇಲೆ, ಉಸಿರು ಬಿಗಿಹಿಡಿದು ಕಚ್ಚಿಸಿದ. ಈಗ ನೆನಪಿಗೆ ಎರಡು ಆಸರೆ. ಪ್ಲಾಸ್ಟಿಕ್ಕಿನ ಕಡ್ಡಿಯಿಂದ ಸ್ಪ್ರಿಂಗ್ ಒತ್ತಿ, ಹಳೆಯದನ್ನು ಮೆಲ್ಲಗೆ, ಎಷ್ಟು ಮೆಲ್ಲಗೆಂದರೆ ನಿದ್ದೆ ಹೋದ ಕೂಸಿನ ತಲೆಯಡಿಯಿಂದ ತೋಳು ಸರಿಸಿಕೊಳ್ಳುವಷ್ಟು ಮೆಲ್ಲಗೆ, ಹೊರತೆಗೆದ. ಗೂಡು ಖಾಲಿ. ನಸುಕು ಇದೆ.

ಒಳಗೆ ಆಗಲೇ ಲಾಳಿಯ ಸದ್ದು ನಿಂತಿತ್ತು. ಬಗ್ಗಿ ನೋಡಿದೆ. ಹಾಸು ಮುಗಿದಿತ್ತು. ಹಾಸು ಮುಗಿದರೂ ಹಳೆಯ ಎಳೆಗಳ ತುದಿಯನ್ನು ಹಣಿಗೆಯಿಂದ ಕಳಚುವುದಿಲ್ಲ. ಹೊಸ ಹಾಸಿನ ಒಂದೊಂದೇ ಎಳೆಯನ್ನು ಅದರ ಜೋಡಿಗೆ ಹಿಡಿದು, ಬೂದಿ ಮುಟ್ಟಿಸಿದ ಬೆರಳಲ್ಲಿ ಹೊಸೆದು ಕೂಡಿಸುತ್ತಾರೆ. ಯಾವ ಎಳೆ ಯಾವ ಸಂದಿನಲ್ಲಿ ಎಂಬ ಲೆಕ್ಕ ಮಗ್ಗದಲ್ಲಿ ಹಾಗೇ ಉಳಿಯುತ್ತದೆ. ಮನೆಯ ಹಿರಿಯವ್ವ ಅದನ್ನೇ ಮಾಡುತ್ತಿದ್ದಳು. ಹೊರಗೆ ಮೊಮ್ಮಗ ಹೊಸ ಬಿಲ್ಲೆಯನ್ನು ಬಟ್ಟೆಯಲ್ಲಿ ಅಂಚು ಹಿಡಿದು ಎತ್ತುತ್ತಿದ್ದ, ಬೆರಳಿನ ಜಿಡ್ಡು ಹತ್ತದಂತೆ. ಇಬ್ಬರ ಕೈಯೂ ಒಂದೇ ಕೈ.

ಇಂಥ ನಾಜೂಕು ಎಲ್ಲ ಕನ್ಸೋಲಿಗೂ ಒದಗುವುದಿಲ್ಲ. ಇನ್ನೂ ಹಳೆಯವುಗಳಲ್ಲಿ ನಿಕಲ್-ಕ್ಯಾಡ್ಮಿಯಂ ಸೆಲ್ಲುಗಳ ಕಟ್ಟು, 3.6 ವೋಲ್ಟಿನದು, ಬೋರ್ಡಿಗೇ ಬೆಸೆದಿರುತ್ತದೆ. ಅದು ಮುಪ್ಪಾದರೆ ಕ್ಷಾರ ಸೋರಿ, ತಾಮ್ರದ ದಾರಿಗಳನ್ನು ತಿಂದು ಮೈಲುತುತ್ತದ ಬಣ್ಣ ಬಿಡುತ್ತದೆ. ಕ್ಷಾರಕ್ಕೆ ಹುಳಿಯೇ ಮದ್ದು: ವಿನೆಗರ್ ಸವರಿ, ಮೇಲೆ ಸ್ಪಿರಿಟಿನಿಂದ ತೊಳೆಯಬೇಕು. ಅದರ ಜಾಗಕ್ಕೆ ಲಿಥಿಯಂ ಬಿಲ್ಲೆಯನ್ನು ಹಾಗೇ ಕೂರಿಸಲೇಬಾರದು. ಚಾರ್ಜ್ ಮಾಡುವ ಸರ್ಕಿಟ್ಟು ಅದನ್ನು ಸಿಡಿಸಬಲ್ಲದು.

ಟಿಕ್. ಹೊಸದು ಗೂಡಿನಲ್ಲಿ ಕೂತ ಸದ್ದು. ಬಾಗಿಲಿಗೆ ಒಳ್ಳೆಯ ಬಡಿಗ ಕೂರಿಸಿದ ಚಿಲಕದ ಹಾಗೆ, ಚಿಕ್ಕದು, ತುಂಬಿದ್ದು. ಮೀಟರ್: 3.2. ಆಮೇಲೆ ತಂತಿ ಬಿಡಿಸಿದ. ಮುಚ್ಚಳದ ಒಳಮೈಯಲ್ಲಿ ಮೂರು ಬೇರೆಬೇರೆ ಕೈಬರಹದ ಮೂರು ತಾರೀಖುಗಳಿದ್ದವು. ಕೆಳಗೆ ನಾಲ್ಕನೆಯದನ್ನು ಬರೆದ. ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ ಹಾಯಿಸುತ್ತ ಬಿಗಿದ.

ಡಿಮ್ಮರಿನ ಜೊತೆ ಒಂದೇ ಒಂದು ಸ್ಪಾಟ್ ತಂದಿದ್ದೆ. ಅದನ್ನು ಒಳಗಿನ ಸುಣ್ಣದ ಗೋಡೆಯತ್ತ ತಿರುಗಿಸಿ, ಕದ ಮುಂದೆ ಮಾಡಿ, ಕ್ಯೂ 47 ಒತ್ತಿದೆ. ಕತ್ತಲೆ. ಇನ್ನೂ ಕತ್ತಲೆ. ತಂತು ಕೆಂಪಾಯಿತೋ ಇಲ್ಲವೋ. ಗೋಡೆಯ ಉಬ್ಬುತಗ್ಗುಗಳು ಒಂದೊಂದಾಗಿ ನೆರಳು ಪಡೆದವು. ಆಮೇಲೆ, ತೀರ ನಿಧಾನಕ್ಕೆ, ಮಗ್ಗದ ಮೇಲೆ ಆಗಷ್ಟೇ ಕೂಡಿಸಿದ್ದ ದಾಳಿಂಬೆ ಬಣ್ಣದ ಎಳೆಗಳ ಮೇಲೆ ಬೆಳಕು ಇಳಿಯಿತು.

ಹಿರಿಯವ್ವ ಬೂದಿಯ ಬೆರಳನ್ನು ಹಾಗೇ ಎತ್ತಿ ಹಿಡಿದಿದ್ದಳು.

“ಇನ್ನೊಮ್ಮಿ ಹಚ್ಚೋ ತಮ್ಮಾ.”

ಹಚ್ಚಿದೆ.