ನಾಲ್ಕು ಕಾಲಿನ ಹುಲಿಗೆ ನಾಲ್ಕು ಪಾದದ ಟೀಕು

ಹುಲಿಯ ಹೆಸರುಗಳು ನೆನಪಿನಲ್ಲಿ ನಿಲ್ಲಲೆಂದು ನಾನೇ ಹೊಸೆದುಕೊಂಡ ನಾಲ್ಕು ಸಾಲುಗಳಿವು. ಪಂಡಿತರು ಇದನ್ನು ಪದ್ಯವೆಂದು ಒಪ್ಪುವುದು ಕಷ್ಟ. ಆದರೂ ಪ್ರಾಣಿಗೆ ನಾಲ್ಕು ಕಾಲು, ಚೌಪದಿಗೂ ನಾಲ್ಕು ಪಾದ. ಅಷ್ಟು ಹೊಂದಿಕೆ ಸಾಕೆಂದು ಟೀಕು ಬರೆಯುತ್ತಿದ್ದೇನೆ.

ಪುಲಿಯೆಂದು ಹುಟ್ಟಿ ಹುಲಿಯಾಯ್ತು, ಪಿಲಿಯಾಗಿ ಕುಣಿಯಿತು;
ನರಿಯೆಂದರೆ ಕೊಡಗಲ್ಲಿ ಕೋವಿ ತಾ, ಮಲಯಾಳದಿ ಪುಲಿ ಚಿರತೆ;
ಮೂಸಿದರೆ ವ್ಯಾಘ್ರ, ಸವೆದರೆ ವಾಘ, ಪಾರಸಿಯ ಶೇರು ಸಿಂಹ;
ಕಾಡಿಗೆ ಹೋದರೆ ಹೆಸರೆತ್ತಬೇಡ, ಮಾವ ಎನ್ನು ಸಾಕು.

ಪುಲಿಯೆಂದು ಹುಟ್ಟಿ ಹುಲಿಯಾಯ್ತು, ಪಿಲಿಯಾಗಿ ಕುಣಿಯಿತು

'ಪುಲಿ' ಹಳಗನ್ನಡದ ರೂಪ. ಪಾಲು ಹಾಲಾದಂತೆ, ಪೂ ಹೂವಾದಂತೆ, ಪುಲಿ ಹುಲಿಯಾಯಿತು. ತಮಿಳು, ತೆಲುಗುಗಳು ಪಕಾರವನ್ನು ಬಿಡಲಿಲ್ಲ. ತುಳುವೂ ಬಿಡಲಿಲ್ಲ, ಸ್ವರವನ್ನಷ್ಟೇ ಬದಲಿಸಿ 'ಪಿಲಿ' ಎಂದಿತು. 'ಕುಣಿಯಿತು' ಎಂದದ್ದು ನವರಾತ್ರಿಯ ಪಿಲಿವೇಷವನ್ನು ನೆನೆದು: ಮೈತುಂಬ ಪಟ್ಟೆ ಬಳಿದುಕೊಂಡು ತಾಸೆಯ ಪೆಟ್ಟಿಗೆ ಹೆಜ್ಜೆ ಹಾಕುವ ಕರಾವಳಿಯ ಹುಲಿಗಳು. ಪಿಲಿಚಾಮುಂಡಿ ದೈವದ ಹೆಸರಿನಲ್ಲಿರುವುದೂ ಇದೇ ಪಿಲಿ. ಅಂದಹಾಗೆ, ಹಳೆಯ ಪುಲಿ ನಮ್ಮ ಬಾಯಿಂದ ಪೂರ್ತಿ ಓಡಿಹೋಗಿಲ್ಲ. 'ಹೆಬ್ಬುಲಿ' ಎಂಬ ಮಾತಿನ ನಡುವೆ, ಪಕಾರ ಬಕಾರವಾಗಿ, ಇನ್ನೂ ಹೊಂಚಿ ಕೂತಿದೆ.

ನರಿಯೆಂದರೆ ಕೊಡಗಲ್ಲಿ ಕೋವಿ ತಾ, ಮಲಯಾಳದಿ ಪುಲಿ ಚಿರತೆ

ಎಡವುವುದು ಇಲ್ಲಿ. ಕೊಡವ ತಕ್ಕಿನಲ್ಲಿ 'ನರಿ' ಎಂದರೆ ಹುಲಿ. ಹಿಂದೆ ಹುಲಿ ಕೊಂದವನನ್ನು ಮದುಮಗನಂತೆ ಕೂರಿಸಿ ನಡೆಸುತ್ತಿದ್ದ ಸಂಭ್ರಮದ ಹೆಸರು 'ನರಿ ಮಂಗಲ'. ಬಯಲುಸೀಮೆಯವನು ಕಥೆ ಗೊತ್ತಿಲ್ಲದೆ 'ನರಿಗೂ ಮದುವೆಯೇ' ಎಂದು ನಕ್ಕರೆ ಆಶ್ಚರ್ಯವಿಲ್ಲ. ಇನ್ನು ಮಲಯಾಳದಲ್ಲಿ 'ಪುಲಿ' ಎಂದರೆ ಸಾಮಾನ್ಯವಾಗಿ ಚಿರತೆ. ಪಟ್ಟೆಯ ಹುಲಿಗೆ 'ಕಡುವ' ಎಂಬ ಬೇರೆ ಮಾತಿದೆ. ತೆಲುಗರು ಜಾಣರು: 'ಪೆದ್ದ ಪುಲಿ', 'ಚಿರುತ ಪುಲಿ' ಎಂದು ವಿಶೇಷಣ ಕಟ್ಟಿ ಜಗಳ ಮುಗಿಸಿದರು. ಒಂದೇ ಬೇರಿನ ಭಾಷೆಗಳಲ್ಲಿ ಪದ ಉಳಿಯಿತು, ಪ್ರಾಣಿ ಬದಲಾಯಿತು.

ಮೂಸಿದರೆ ವ್ಯಾಘ್ರ, ಸವೆದರೆ ವಾಘ, ಪಾರಸಿಯ ಶೇರು ಸಿಂಹ

'ವ್ಯಾಘ್ರ'ದಲ್ಲಿ ವೈಯಾಕರಣರು ಕಾಣುವುದು 'ಘ್ರಾ' ಧಾತುವನ್ನು, ಆಘ್ರಾಣದಲ್ಲಿರುವ ಅದೇ ಧಾತುವನ್ನು. ಮೂಸುತ್ತ ಬರುವುದೇ ವ್ಯಾಘ್ರ. ಆದರೆ ಹುಲಿ ಬೇಟೆಯಲ್ಲಿ ಮೂಗಿಗಿಂತ ಕಣ್ಣು, ಕಿವಿಗಳನ್ನೇ ಹೆಚ್ಚು ನಂಬುತ್ತದೆ. ವ್ಯಾಕರಣ ಅದಕ್ಕೆ ಗೊತ್ತಿಲ್ಲ. ಋಗ್ವೇದದಲ್ಲಿ ಸಿಂಹ ಉಂಟು, ಹುಲಿಯಿಲ್ಲ; ಅಥರ್ವವೇದದ ಹೊತ್ತಿಗೆ ವ್ಯಾಘ್ರ ಕಾಣಿಸಿಕೊಳ್ಳುತ್ತದೆ. ಜನರ ನಾಲಿಗೆಯಲ್ಲಿ ಸವೆದು ಅದು ಪ್ರಾಕೃತದ 'ವಗ್ಘ', ಮರಾಠಿಯ 'ವಾಘ', ಹಿಂದಿ, ಬಂಗಾಳಿಗಳ 'ಬಾಘ್' ಆಯಿತು.

ಪಾರಸಿಯಲ್ಲಿ 'ಶೇರ್' ಸಿಂಹ, 'ಬಬ್ರ್' ಹುಲಿ. ಹಿಂದಿ ನಾಡಿನಲ್ಲಿ ಶೇರ್ ಎರಡಕ್ಕೂ ಸಂದಿತು. 'ಬಬ್ಬರ್ ಶೇರ್' ಎಂದರೆ ಸಿಂಹವೇ ಆಯಿತು. ಟಿಪ್ಪುವಿನ ಆಯುಧಗಳ ಮೇಲಿನ ಹುಲಿಪಟ್ಟೆಯ ಅಲಂಕಾರವನ್ನು ಮಾತ್ರ ಈಗಲೂ 'ಬಬ್ರಿ' ಎನ್ನುತ್ತಾರೆ. 'ಟಿಪ್ಪು' ಎಂದರೆ ಕನ್ನಡದಲ್ಲಿ ಹುಲಿ ಎಂದು ಬರೆದವರೂ ಉಂಟು. ಕನ್ನಡಿಗರಾರೂ ಕೇಳದ ಕನ್ನಡ ಅದು! ಆ ಹೆಸರಿಟ್ಟದ್ದು ಆರ್ಕಾಟಿನ ಸಂತ ಟಿಪ್ಪು ಮಸ್ತಾನ್ ಔಲಿಯಾರ ನೆನಪಿಗೆ.

ಕಾಡಿಗೆ ಹೋದರೆ ಹೆಸರೆತ್ತಬೇಡ, ಮಾವ ಎನ್ನು ಸಾಕು

ಸುಂದರಬನಕ್ಕೆ ಜೇನಿಗೆಂದೋ ಮೀನಿಗೆಂದೋ ಹೋಗುವವರು ಕಾಡೊಳಗೆ 'ಬಾಘ್' ಎನ್ನುವುದಿಲ್ಲ, 'ಮಾಮಾ' ಎನ್ನುತ್ತಾರೆ. ಮಲಯ ನುಡಿಯಲ್ಲಿ ಹುಲಿಗೆ 'ಹರಿಮಾವ್' ಎಂಬ ಹೆಸರಿದ್ದರೂ, ಸುಮಾತ್ರಾದ ಹಳ್ಳಿಗರು ಅಜ್ಜ ಎಂಬರ್ಥದ 'ದಾತುಕ್' ಎಂದು ಕರೆಯುವುದುಂಟು. ಹಾವನ್ನು ಕಂಡು 'ಹುಳ' ಎನ್ನುವ ನಮಗೆ ಈ ಅಂಜಿಕೆ ಹೊಸತಲ್ಲ: ಹೆಸರು ಹಿಡಿದರೆ ಬಂದೀತು. ಮಾವ ಎನ್ನುವುದರಲ್ಲಿ ಅಂಜಿಕೆಯ ಜೊತೆಗೆ ಒಂದು ವಕೀಲಿಯೂ ಇದೆ. ಅವನು ಮಾವನಾದರೆ ನಾನು ಸೋದರಳಿಯ. ಅಳಿಯನನ್ನು ತಿನ್ನುವ ಮಾವ ಯಾವ ಊರಲ್ಲಿದ್ದಾನೆ?

ಮೊದಲ ಮೂರು ಪಾದಗಳಲ್ಲಿ ತಪ್ಪಿದ್ದರೆ ಪಂಡಿತರು ತಿದ್ದಲಿ. ನಾಲ್ಕನೆಯದರ ತಪ್ಪನ್ನು ಮಾವನೇ ತಿದ್ದುತ್ತಾನೆ.