ಮನೆತನದ ಚರಿತ್ರೆ: ಹಳೆಯದಾಗುವ ಆತುರ

ಬೀದರ ಜಿಲ್ಲೆಯ ಬೇಮಳಖೇಡ, ಹುಮನಾಬಾದ್, ಬಸವಕಲ್ಯಾಣದ ಸೀಮೆಯಲ್ಲಿ ಮನೆತನದ ಚರಿತ್ರೆ ಬರೆಯಹೊರಟವರಿಗೆ ಹನ್ನೆರಡನೆಯ ಶತಮಾನದ ಸೆಳೆತ ದೊಡ್ಡದು. ಚಾಲುಕ್ಯರ ರಾಜಧಾನಿ, ಶರಣರ ಕಲ್ಯಾಣ ಇಷ್ಟು ಹತ್ತಿರವಿರುವಾಗ ವಂಶದ ಬೇರನ್ನು ಅಲ್ಲಿಗೇ ಮುಟ್ಟಿಸುವ ಆಸೆ ಸಹಜ. ಆದರೆ ಮುತ್ತಜ್ಜನಿಂದ ನೇರ ಬಿಜ್ಜಳನ ಕಾಲಕ್ಕೆ ಜಿಗಿದರೆ ಬಹಮನಿ, ಬರೀದಶಾಹಿ, ಮೊಗಲ, ನಿಜಾಮರ ಆಳ್ವಿಕೆಯ ಶತಮಾನಗಳೇ ಮಾಯವಾಗುತ್ತವೆ. ಇಂಥ ಹವ್ಯಾಸಿ ಸಂಶೋಧಕರ ಬಳಿ ಪದವಿ ಇಲ್ಲವೆಂಬುದು ದೊಡ್ಡ ಕೊರತೆಯೇನಲ್ಲ. ಬರವಣಿಗೆಯನ್ನು ಕೆಡಿಸುವುದು ಈ ಜಿಗಿತ.

ಅವರ ಕೈಗೆಟಕುವ ನಿಜವಾದ ಆಸ್ತಿ ಇರುವುದು ಈಚಿನ ನೂರೈವತ್ತು ವರ್ಷಗಳಲ್ಲಿ. 1948ರವರೆಗೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಈ ಭಾಗದ ಕಂದಾಯದ ಕಾಗದಗಳು ಉರ್ದುವಿನಲ್ಲಿವೆ. ಮೋಡಿ ಲಿಪಿಯ ಹಳೆಯ ಪತ್ರಗಳೂ ಉಂಟು. ಹೊಲದ ಕಾಗದವೊಂದರಲ್ಲಿ 1325 ಎಂದಿದೆ ಎನ್ನೋಣ. ಶಕವರ್ಷವೆಂದು 78 ಕೂಡಿಸಿದರೆ ಅದು 1403ರದಾಗುತ್ತದೆ. ಕಂದಾಯ ಲೆಕ್ಕದ ಫಸಲಿ ವರ್ಷವೆಂದು ತಿಳಿದು 590 ಕೂಡಿಸಿದರೆ 1915ರದು. ಒಂದು ತಪ್ಪು ಕೂಡಿಕೆ ಮನೆತನಕ್ಕೆ ಐನೂರು ವರ್ಷದ ಸುಳ್ಳು ಹಿರಿತನ ತಂದುಕೊಡುತ್ತದೆ. ಹೆಳವರು ಓದಿಹೇಳುವ ವಂಶಾವಳಿಯನ್ನೂ ಹೀಗೆಯೇ ಒರೆಗೆ ಹಚ್ಚಬೇಕು: ವಲಸೆ, ಕವಲುಗಳ ಜಾಡಿಗೆ ಅದು ಅಮೂಲ್ಯ; ಆದರೆ ದವಸ ಕೊಡುವ ಮನೆಯ ಹೊಗಳಿಕೆಯೂ ಅದರಲ್ಲಿ ಬೆರೆತೀತು, ಹೆಣ್ಣುಮಕ್ಕಳ ಕವಲು ಕೈಬಿಟ್ಟೀತು.

ಬಾಯಿಮಾತು ಆಧಾರವೇ ಅಲ್ಲವೆನ್ನುವ ಪಂಡಿತರಿದ್ದಾರೆ. ಬ್ರಿಟಿಷ್ ಅಧಿಕಾರಿ ಮೆಕೆಂಜಿ ಊರೂರಿನಿಂದ ಸಂಗ್ರಹಿಸಿದ ಕೈಫಿಯತ್ತುಗಳಲ್ಲೂ, ಅಂದರೆ ಸ್ಥಳವೃತ್ತಾಂತಗಳಲ್ಲೂ, ಐತಿಹ್ಯ ತುಂಬಿದೆ, ಆದರೂ ಎಂ.ಎಂ. ಕಲಬುರ್ಗಿ ಅವುಗಳನ್ನು ಸಂಪಾದಿಸಿದರು, ಚರಿತ್ರಕಾರರು ಬಳಸುತ್ತಲೇ ಇದ್ದಾರೆ. ಯಾರು, ಯಾವಾಗ, ಯಾರಿಂದ ಕೇಳಿ ಹೇಳಿದರು ಎಂಬುದು ದಾಖಲಾದರೆ ಬಾಯಿಮಾತನ್ನೂ ಪರೀಕ್ಷಿಸಬಹುದು. ಹಳೆಯ ಗಾಯ ಕೆದಕಬಾರದೆಂಬ ಆಕ್ಷೇಪ ಇನ್ನೂ ಗಂಭೀರವಾದುದು. 1948ರ ಮೇ ತಿಂಗಳಲ್ಲಿ ಗೋರ್ಟಾ ಗ್ರಾಮದಲ್ಲಿ ನಿಜಾಮನ ಪರವಾದ ರಜಾಕಾರರು ನಡೆಸಿದ ಹತ್ಯೆಗಳನ್ನು ಈ ಸೀಮೆ ಮರೆತಿಲ್ಲ. ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಮುಸ್ಲಿಮರು ಅತಿ ಹೆಚ್ಚು ಹಾನಿಗೊಳಗಾದ ಜಿಲ್ಲೆಗಳಲ್ಲಿ ಬೀದರವೂ ಒಂದೆಂದು ಭಾರತ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ವರದಿ ಮಾಡಿತು. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಬರೆಯದೆ ಬಿಟ್ಟರೆ ಗಾಯ ಮಾಯುವುದಿಲ್ಲ, ವದಂತಿಯ ಪಾಲಾಗುತ್ತದೆ. ಹಾಗೆಂದು ತನ್ನ ಮನೆಯ ನೋವನ್ನಷ್ಟೇ ಬರೆದು ನೆರೆಮನೆಯದನ್ನು ಬಿಟ್ಟರೆ ಅದು ಫಿರ್ಯಾದಾಗುತ್ತದೆ, ಚರಿತ್ರೆಯಾಗುವುದಿಲ್ಲ. ನಾಲ್ಕೇ ತಲೆಮಾರು ಹೇಳಿ, ಐದನೆಯದಕ್ಕೆ ಆಧಾರವಿಲ್ಲವೆಂದು ನಿಲ್ಲಿಸುವ ಪುಸ್ತಕ, ಕಲ್ಯಾಣದವರೆಗೆ ಹೆಸರು ಪೋಣಿಸುವ ಪುಸ್ತಕಕ್ಕಿಂತ ಮೇಲು. ಮುಂದೆ ದಾಖಲೆ ಸಿಕ್ಕರೆ ಮೊದಲನೆಯದನ್ನು ಬೆಳೆಸಬಹುದು, ಎರಡನೆಯದನ್ನು ಮೊದಲು ಬಿಚ್ಚಬೇಕಾಗುತ್ತದೆ.