ಎಪ್ಪತ್ತೆಂಟು ಅಂಕದ ಲೇತ್

ವಿಮರ್ಶೆ ಅಂದ್ರೆ ಬೇರೆಯವರು ಬರೆದಿದ್ದನ್ನು ಹಿಡಿಯೋದು ವಾಡಿಕೆ. ನಾನು ಹಿಡಿದಿರೋದು ಅರ್ಧ ನಾನೇ ಬರೆದ ಹನ್ನೊಂದು ಪುಟದ ಕೈಪಿಡಿ: 'ಲೇತ್ ಕೊಳ್ಳುವವರಿಗೆ'. ಇನ್ನರ್ಧ ಪೀಣ್ಯದಲ್ಲಿ ಮೂವತ್ತು ವರ್ಷದಿಂದ ಜಾಬ್ ವರ್ಕ್ ಮಾಡ್ತಿರೋ ಚಿಕ್ಕಪ್ಪನದು. ಅವರು ಹೇಳ್ತಾ ಹೋದರು, ನಾನು ಲ್ಯಾಪ್‌ಟಾಪಲ್ಲಿ ಕುಟ್ಟುತ್ತಾ ಹೋದೆ.

ಒಳ್ಳೇದನ್ನು ಮೊದಲು ಹೇಳಿಬಿಡ್ತೀನಿ. ಅಳತೆಗಳ ಭಾಗ ಚೆನ್ನಾಗಿದೆ. ನಮ್ಮಲ್ಲಿ ಲೇತನ್ನು ಅಡಿ ಲೆಕ್ಕದಲ್ಲಿ ಮಾರ್ತಾರೆ. ಆರಡಿ ಲೇತ್ ಅಂದ್ರೆ ಆರಡಿ ಶಾಫ್ಟ್ ಹಿಡಿಸುತ್ತೆ ಅಂತ ಹೊಸಬರು ಅಂದ್ಕೋತಾರೆ. ಆರಡಿ ಅನ್ನೋದು ಬೆಡ್ಡಿನ ಉದ್ದ. ಒಂದು ಕಡೆ ಹೆಡ್‌ಸ್ಟಾಕು, ಇನ್ನೊಂದು ಕಡೆ ಟೇಲ್‌ಸ್ಟಾಕು ಜಾಗ ತಿಂದ ಮೇಲೆ ಉಳಿಯೋ ಉದ್ದವೇ ಬೇರೆ. ಹಾಗೇ, ಬೆಡ್ ಮೇಲೆ 400 ಮಿ.ಮೀ. ವ್ಯಾಸದ ಜಾಬ್ ತಿರುಗುತ್ತೆ ಅಂತ ಕ್ಯಾಟಲಾಗ್ ಹೇಳಿದ್ರೂ, ಅದೇ ವ್ಯಾಸದ ಉದ್ದನೆಯ ಜಾಬ್ ಕ್ರಾಸ್ ಸ್ಲೈಡಿಗೆ ತಾಗುತ್ತೆ. ಇದನ್ನೆಲ್ಲ ಬಿಡಿಸಿ ಹೇಳಿದ್ದು ಚಿಕ್ಕಪ್ಪ.

ಕೆಟ್ಟಿರೋದು ಆಮೇಲಿನ ಕೋಷ್ಟಕ. ಅದು ಪೂರ್ತಿ ನನ್ನದೇ. ಬೆಡ್ಡಿಗಿಷ್ಟು, ಸ್ಪಿಂಡಲ್ಲಿಗಿಷ್ಟು, ಗೇರಿಗೆ, ಮೋಟಾರಿಗೆ, ಬೆಲೆಗೆ ಅಂತ ಅಂಕ ಹಂಚಿ, ಕೊನೆಗೆ ನೂರಕ್ಕೆ ಒಟ್ಟು. ಆಫೀಸಲ್ಲಿ ವೆಂಡರ್ ಆರಿಸೋಕೆ ನಾವು ಮಾಡೋ ಎಕ್ಸೆಲ್ ಶೀಟಿನ ತಮ್ಮ. "ಇದೇನ್ ಮಗ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಾ?" ಅಂದರು ಚಿಕ್ಕಪ್ಪ. ನಾನು ನಕ್ಕು ಸುಮ್ಮನಾದೆ.

ಊರಲ್ಲಿ ಸೋದರತ್ತೆ ಮಗ ಟ್ರ್ಯಾಕ್ಟರ್ ರಿಪೇರಿ ಶೆಡ್ಡಿಗೆ ಅಂತ ಸಾಲ ಮಾಡಿ ಹಳೇ ಲೇತ್ ಕೊಂಡ. ನಮ್ಮ ಕೈಪಿಡಿ ನೋಡಿಕೊಂಡೇ. ಹೊಸ ಪೇಂಟು, ಸದ್ದಿಲ್ಲದ ಗೇರು, ನೂರಕ್ಕೆ 78. ತಿಂಗಳಾದ ಮೇಲೆ ಫೋನು: "ಭಾವ, ಬೇರಿಂಗ್ ಕೂರ್ತಾನೇ ಇಲ್ಲ." ಒಂದಡಿ ಶಾಫ್ಟಿನಲ್ಲಿ ಈ ತುದಿಗೂ ಆ ತುದಿಗೂ 0.08 ಮಿ.ಮೀ. ವ್ಯತ್ಯಾಸ ಬರ್ತಿತ್ತು.

ಹೆಚ್ಚಿನ ಕೆಲಸ ಚಕ್ ಹತ್ತಿರವೇ ನಡೆಯೋದ್ರಿಂದ ಬೆಡ್ ಅಲ್ಲೇ ಜಾಸ್ತಿ ಸವೆಯುತ್ತೆ. ಕಂಡುಹಿಡಿಯೋದು ಸುಲಭ. ಚಕ್ ಹತ್ರ ಕ್ಯಾರೇಜ್ ಲಾಕನ್ನು ತುಸು ಬಿಗಿ ಮಾಡಿ, ಟೇಲ್‌ಸ್ಟಾಕ್ ಕಡೆಗೆ ಕೈಚಕ್ರ ತಿರುಗಿಸಬೇಕು. ಹೋಗ್ತಾ ಹೋಗ್ತಾ ಬಿಗಿಯಾದ್ರೆ ಬೆಡ್ ತಿಂದಿದೆ ಅಂತ ಅರ್ಥ. ಚಿಕ್ಕಪ್ಪ ಇದನ್ನು ಮೊದಲ ದಿನವೇ ಹೇಳಿದ್ದರು. ನಾನೇ ತೆಗೆದುಹಾಕಿದ್ದೆ. ಕೈಗೆ ಗೊತ್ತಾಗೋ ಬಿಗಿಗೆ ಎಷ್ಟು ಅಂಕ ಕೊಡೋದು?

ಅಂಕಿ ಇಲ್ಲದೆ ನಡೆಯಲ್ಲ ಅನ್ನೋರಿಗೂ ದಾರಿ ಇತ್ತು. ಬರ್ಲಿನ್ನಿನ ಪ್ರೊಫೆಸರ್ ಗಿಯೋರ್ಗ್ ಶ್ಲೆಸಿಂಗರ್ 1927ರಲ್ಲೇ ಯಂತ್ರಗಳ ಪರೀಕ್ಷೆಗೊಂದು ಪುಸ್ತಕ ತಂದಿದ್ದರು. ಬೆಡ್ ನೇರವಿದೆಯಾ, ಸ್ಪಿಂಡಲ್ ಓಲಾಡುತ್ತಾ, ಅಂತ ಡಯಲ್ ಗೇಜ್ ಇಟ್ಟು ನೋಡೋ ಕ್ರಮ. ಪ್ರತಿಯೊಂದಕ್ಕೂ ಅದರದ್ದೇ ಮಿತಿ. ಬೆಡ್ ಫೇಲಾದ್ರೆ ಮೋಟಾರಿನ ಅಂಕ ಬಂದು ಅದನ್ನ ಪಾಸು ಮಾಡಿಸಲ್ಲ. ನನ್ನ ಕೋಷ್ಟಕ ಮಾಡಿಸಿತ್ತು. ಬಿ.ಇ. ಓದಿದವನು ನಾನು, ನಾಚಿಕೆ ಆಗ್ಬೇಕು.

ಬೆಡ್ ಈಗ ಗ್ರೈಂಡಿಂಗಿಗೆ ಹೋಗಿದೆ. ಅರ್ಧ ಖರ್ಚು ನನ್ನದು, ಸಾಲದ ಕಂತು ಅವನದು. ಎರಡನೇ ಆವೃತ್ತಿಯಲ್ಲಿ ಕೋಷ್ಟಕ ಕಿತ್ತು ಹಾಕಿದ್ದೀನಿ. "ಈ ಸಲ ನಿಮ್ಮ ಹೆಸರು ಮೊದಲು ಹಾಕ್ತೀನಿ ಚಿಕ್ಕಪ್ಪ" ಅಂದೆ.

"ಮೊದ್ಲು ಆ ಹುಡುಗನ ಲೇತ್ ತಿರುಗ್ಲಿ" ಅಂದರು.